ಮಣಿಕಟ್ಟಿನ ಕಾಣದ ಗಾಯ

ದುಂಡಸಿಯ ಹೊಲದ ಬದುವಿನಲ್ಲಿ ಜಾರಿದರೂ, ಶಿಗ್ಗಾಂವಿ ರಸ್ತೆಯಲ್ಲಿ ಬೈಕಿನಿಂದ ಉರುಳಿದರೂ ನಾವು ಮೊದಲು ಊರುವುದು ಅಂಗೈಯನ್ನು. ದೇಹದ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಆಮೇಲೆ ನಮ್ಮ ಹಳ್ಳಿಗರಲ್ಲಿ ಹಲವರು ಹುಡುಕುವುದು ಎಲುಬು ಕಟ್ಟುವವರನ್ನು.

ಈ ವಿದ್ಯೆಯನ್ನು ನಾವು ಹಗುರವಾಗಿ ಕಾಣಬೇಕಿಲ್ಲ. ಮುರಿದ ಎಲುಬಿಗೆ ಬಿದಿರಿನ ದಬ್ಬೆ ಕಟ್ಟುವುದನ್ನು ಸುಶ್ರುತ ಸಂಹಿತೆ ಹೇಳುತ್ತದೆ. 1013ರಲ್ಲಿ ತೀರಿಕೊಂಡ ಸ್ಪೇನಿನ ಅಬುಲ್ ಕಾಸಿಂ ಅಲ್ ಝಹ್ರಾವಿ ತಮ್ಮ 'ಅತ್ತಸ್ರೀಫ್' ಗ್ರಂಥದ 30ನೆಯ ಭಾಗವನ್ನು ಶಸ್ತ್ರವೈದ್ಯಕ್ಕೆ ಮೀಸಲಿಟ್ಟರು. ಅದರಲ್ಲಿ ಒಂದು ಅಧ್ಯಾಯ ಎಲುಬು ಮುರಿತ ಮತ್ತು ಕೀಲು ತಪ್ಪುವಿಕೆಯದು. 12ನೆಯ ಶತಮಾನದಲ್ಲಿ ಲ್ಯಾಟಿನ್‌ಗೆ ಅನುವಾದಗೊಂಡ ಆ ಭಾಗವನ್ನು ಯುರೋಪಿನ ವೈದ್ಯರು ಶತಮಾನಗಳ ಕಾಲ ಓದಿದರು.

1814ರಲ್ಲಿ ಡಬ್ಲಿನ್‌ನ ಅಬ್ರಹಾಂ ಕೋಲಿಸ್, ಎಕ್ಸ್‌ರೇ ಇಲ್ಲದ ಕಾಲದಲ್ಲಿ, ಕೈಯಿಂದ ಮುಟ್ಟಿಯೇ ಮಣಿಕಟ್ಟಿನ ಬಳಿಯ ಮುರಿತವನ್ನು ವಿವರಿಸಿದರು. ಎಲುಬು ಸೊಟ್ಟಗೆ ಕೂಡಿದರೂ ಕಾಲಕ್ರಮೇಣ ಕೈ ನೋವಿಲ್ಲದೆ ಕೆಲಸ ಮಾಡುತ್ತದೆಂದು ಅವರು ನಂಬಿದ್ದರು. ಎಲ್ಲರ ಪಾಲಿಗೂ ಅದು ನಿಜವಾಗಲಿಲ್ಲ.

1895ರಲ್ಲಿ ಎಕ್ಸ್‌ರೇ ಬಂತು. ಅದು ಎಲುಬನ್ನು ತೋರಿಸಿತು, ಲಿಗಮೆಂಟನ್ನಲ್ಲ. ಮಣಿಕಟ್ಟಿನ ಎಂಟು ಸಣ್ಣ ಎಲುಬುಗಳನ್ನು ಹಿಡಿದಿಟ್ಟಿರುವುದು ಈ ನಾರಿನಂಥ ಬಂಧಗಳೇ. ಅವು ಹರಿದರೆ ಎಲುಬುಗಳ ಹೊಂದಾಣಿಕೆ ತಪ್ಪುತ್ತದೆ ಎಂಬುದನ್ನು 1972ರಲ್ಲಿ ಅಮೆರಿಕದ ಲಿನ್‌ಶೀಡ್, ಡಾಬಿನ್ಸ್ ಮತ್ತು ಸಂಗಡಿಗರು ಸ್ಪಷ್ಟವಾಗಿ ವಿವರಿಸಿದರು. ಸಣ್ಣ ದುರ್ಬೀನು ತೂರಿಸಿ ಕೀಲಿನ ಒಳಗನ್ನೇ ನೋಡುವ ಆರ್ತ್ರೋಸ್ಕೋಪಿ ಮುಂದೆ ಬಳಕೆಗೆ ಬಂತು. 1996ರಲ್ಲಿ ಗೈಸ್ಲರ್ ಮತ್ತು ಸಂಗಡಿಗರು ಕೀಲಿನೊಳಗೆ ಹಾಯ್ದ ಮುರಿತವಿದ್ದ 60 ಮಂದಿಯನ್ನು ಹೀಗೆ ಪರೀಕ್ಷಿಸಿದಾಗ 41 ಮಂದಿಯಲ್ಲಿ ಮೃದುಭಾಗಗಳಿಗೂ ಗಾಯವಾಗಿತ್ತು.

ಹರಿದುದಕ್ಕೆಲ್ಲ ಆಪರೇಷನ್ ಬೇಕಿಲ್ಲ. ಬೇಕಾದಾಗ ಮುರಿದ ಎಲುಬನ್ನು ಪ್ಲೇಟು, ಸ್ಕ್ರೂಗಳಿಂದ ಕೂಡಿಸುತ್ತಾರೆ. ಲಿಗಮೆಂಟಿಗೆ ಹೊಲಿಗೆ ಹಾಕಿ, ಅದು ಮಾಗುವವರೆಗೆ ಸಣ್ಣ ಎಲುಬುಗಳನ್ನು ತಂತಿಯಿಂದ ಹಿಡಿದಿಡುತ್ತಾರೆ. ಇದು ಮೊದಲ ಕೆಲವು ವಾರಗಳಲ್ಲಿ ಆದರೆ ಲೇಸು. ಬಿಟ್ಟರೆ ಕೆಲವರಿಗೆ ವರ್ಷಗಳ ನಂತರ ಕೀಲು ಸವೆದು, ಹಿಡಿತ ಸಡಿಲಾಗುತ್ತದೆ.

1957ರಲ್ಲಿ ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಆರಂಭವಾದ ಮೇಲೆ ನಮ್ಮ ಸೀಮೆಗೆ ದೊಡ್ಡಾಸ್ಪತ್ರೆ ಹತ್ತಿರವಾಯಿತು. ಆದರೂ ಕೂಲಿಯವನಿಗೆ ಒಂದು ದಿನದ ಪ್ರಯಾಣವೆಂದರೆ ಒಂದು ದಿನದ ಅನ್ನ ಹೋದಂತೆ. ಕುಡುಗೋಲು ಹಿಡಿಯುವ, ರೊಟ್ಟಿ ತಟ್ಟುವ, ಸಜ್ದಾದಲ್ಲಿ ನೆಲಕ್ಕೆ ಊರುವ ಕೈ ಅದು. ಬಾವು ಇಳಿಯಿತೆಂದು ನಾವು ಸುಮ್ಮನಾಗದೆ, ಎಲುಬಿನ ಜೊತೆ ಬಂಧವೂ ಹರಿದಿದೆಯೇ ಎಂದು ವೈದ್ಯರನ್ನು ಕೇಳಬೇಕು. ಆ ಒಂದು ಪ್ರಶ್ನೆ ಒಂದು ಮನೆಯ ದುಡಿಮೆಯನ್ನು ಉಳಿಸಬಲ್ಲದು.