ಬಂದವರಿಗೆ ಸಿಕ್ಕ ನೆಲ, ಇದ್ದವರಿಗೆ ಸಿಗದ ನೆಲ

ಗಂಗೊಳ್ಳಿ ಬಂದರಿನ ಬೋಟುಗಳಲ್ಲಿ, ಬೈಂದೂರು ಕಡೆಯ ಕೆಂಪುಕಲ್ಲು ಕೋರೆಗಳಲ್ಲಿ, ಬ್ರಹ್ಮಾವರದ ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ಈಗ ಹೆಚ್ಚಾಗಿ ದುಡಿಯುವವರು ಹೊರಗಿನಿಂದ ಬಂದವರು. ಕೊಪ್ಪಳ, ಬಾಗಲಕೋಟೆಯವರಾದರೆ ನಮ್ಮ ಕಡೆ ‘ಘಟ್ಟದ ಮೇಲಿನವರು’. ಒಡಿಶಾ, ಜಾರ್ಖಂಡ್, ಬಿಹಾರ ಎಲ್ಲಿಂದ ಬಂದರೂ ಒಟ್ಟಾಗಿ ‘ಹಿಂದಿಯವರು’. ಅವರಿಲ್ಲದೆ ಕೆಲಸ ಸಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ಊರಲ್ಲಿ ಒಂದು ಕಳ್ಳತನ ಆದರೆ ಮೊದಲು ಬೆರಳು ಹೋಗುವುದು ಅವರ ಶೆಡ್ಡಿನ ಕಡೆಗೆ.

ಇದನ್ನು ನೋಡಿದಾಗ, ಹೊರಗಿನವರು ಬರುವುದು ನಮ್ಮ ಕರಾವಳಿಗೆ ಹೊಸ ವಿಷಯವೇನೋ ಅನಿಸಬಹುದು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಇತಿಹಾಸ ಬೇರೆಯದನ್ನೇ ಹೇಳುತ್ತದೆ.

ಬ್ರಹ್ಮಾವರ ತಾಲೂಕಿನ ಬಾರ್ಕೂರು ಒಂದು ಕಾಲದ ರಾಜಧಾನಿ, ದೊಡ್ಡ ವ್ಯಾಪಾರ ಕೇಂದ್ರ. 14ನೇ ಶತಮಾನದಲ್ಲಿ ಈ ಕರಾವಳಿಯಲ್ಲಿ ಸಾಗಿದ ಪ್ರವಾಸಿ ಇಬ್ನ್ ಬತೂತ ಬರೆದ ‘ಫಾಕನೂರು’ ಬಾರ್ಕೂರೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಅಲ್ಲಿನ ದೊರೆ ಹಿಂದೂ, ಅವನ ಹಡಗುಪಡೆಯ ಮುಖ್ಯಸ್ಥ ಒಬ್ಬ ಮುಸ್ಲಿಂ ಎಂದು ಆತ ದಾಖಲಿಸಿದ್ದಾನೆ. ವಿಜಯನಗರ ಕಾಲದ ಬಾರ್ಕೂರು, ಬಸ್ರೂರಿನ ಶಾಸನಗಳಲ್ಲಿ ‘ಹಂಜಮಾನ’ ಎಂಬ ವರ್ತಕರ ಸಂಘದ ಹೆಸರಿದೆ. ಅಂಜುಮನ್ ಎಂಬ ಪಾರಸಿ ಪದ ನಮ್ಮವರ ಬಾಯಲ್ಲಿ ಹಂಜಮಾನವಾಗಿ, ಕಲ್ಲಿನ ಮೇಲೂ ಹಾಗೆಯೇ ಕೂತಿತು. ಹೊರಗಿನಿಂದ ಬಂದ ವರ್ತಕರಿಗೆ ಊರಿನ ವ್ಯವಹಾರದಲ್ಲಿ ಅಧಿಕೃತ ಸ್ಥಾನ ಇತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಶಿರೂರು, ಬೈಂದೂರು, ಗಂಗೊಳ್ಳಿಯ ನವಾಯತರು ಇಂದಿಗೂ ತಮ್ಮದೇ ಮಾತನ್ನು ಮನೆಯಲ್ಲಿ ಉಳಿಸಿಕೊಂಡು, ಪೇಟೆಯಲ್ಲಿ ಕುಂದಗನ್ನಡ ಮಾತನಾಡುತ್ತಾರೆ.

ಗೋವಾದಿಂದ ಬಂದವರದು ಇನ್ನೊಂದು ಅಲೆ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು, 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆ ಶುರುವಾಯಿತು. ಯುದ್ಧ, ಬರ, ತೆರಿಗೆ, ಧರ್ಮದ ಒತ್ತಡ ಹೀಗೆ ನಾನಾ ಕಾರಣಕ್ಕೆ ಜನ ತೆಂಕಣಕ್ಕೆ ಇಳಿದರು. ಗೌಡ ಸಾರಸ್ವತರು ಬಸ್ರೂರು, ಗಂಗೊಳ್ಳಿ, ಕುಂದಾಪುರದಲ್ಲಿ ಅಂಗಡಿ ಇಟ್ಟರು. ಖಾರ್ವಿಗಳು ಕಡಲ ಬದಿಯಲ್ಲಿ ಬಲೆ ಹರಡಿದರು. ಕ್ಯಾಥೊಲಿಕರು ಗದ್ದೆ, ತೋಟ ಮಾಡಿದರು. ಕುಡುಬಿಯರು ಕಾಡಿನ ಅಂಚಿಗೆ ಹೋಗಿ ಕುಮರಿ ಬೇಸಾಯ ಮಾಡಿದರು, ಕಾಚು ಕಾಯಿಸಿದರು. ಬಾರ್ಕೂರು, ಮಂದಾರ್ತಿ, ಕೊಕ್ಕರ್ಣೆ ಕಡೆಯ ಕುಡುಬಿಯರು ಹೋಳಿಗೆ ಗುಮಟೆ ಹಿಡಿದು ಮನೆಮನೆಗೆ ಬರುವಾಗ ಅವರನ್ನು ಯಾರೂ ಗೋವಾದವರು ಎನ್ನುವುದಿಲ್ಲ. ಅವರು ನಮ್ಮೂರಿನವರು.

ಇಪ್ಪತ್ತನೇ ಶತಮಾನದ ನಡುವಿನಲ್ಲಿ ಕೇರಳದಿಂದ ಬಂದವರು ಜಡ್ಕಲ್, ಮುದೂರು ಕಡೆಯ ಗುಡ್ಡಗಳಲ್ಲಿ ರಬ್ಬರ್ ನೆಟ್ಟರು. ಅವರ ಮಕ್ಕಳಿಗೆ ಈಗ ಇದೇ ಊರು.

ಇಷ್ಟು ಓದಿದರೆ ನಮ್ಮ ಮಣ್ಣು ಎಲ್ಲರನ್ನೂ ಅಪ್ಪಿಕೊಂಡಿತು ಎಂದು ಬೀಗಿ ಮುಗಿಸಬಹುದು. ಆದರೆ ಈ ಕಥೆಯಲ್ಲಿ ಒಂದು ಸಮುದಾಯದ ಹೆಸರು ಇನ್ನೂ ಬಂದಿಲ್ಲ. ಈ ಎಲ್ಲರಿಗಿಂತ ಮೊದಲೇ ಇಲ್ಲಿದ್ದವರು ಎಂದು ಪರಿಗಣಿಸಲಾದ ಕೊರಗರು.

ಕೊರಗರಿಗೆ ತಮ್ಮದೇ ಭಾಷೆ ಇದೆ. ಒಂದು ಕಾಲದಲ್ಲಿ ತಮ್ಮ ಪೂರ್ವಿಕ ಹುಬಾಶಿಕ ಈ ನಾಡನ್ನು ಆಳಿದ್ದ ಎಂಬ ಐತಿಹ್ಯವೂ ಇದೆ. ಐತಿಹ್ಯ ಎಷ್ಟು ನಿಜ ಎಂಬುದು ಬೇರೆ ಮಾತು. ದಾಖಲೆಯಲ್ಲಿ ಸಿಗುವುದು ಮಾತ್ರ ಕ್ರೂರ. ಎಂಜಲು ದಾರಿಗೆ ಬೀಳಬಾರದೆಂದು ಕೊರಳಿಗೆ ಅಂಡೆ ಕಟ್ಟಿಕೊಂಡು ತಿರುಗಬೇಕಿದ್ದ ‘ಅಂಡೆ ಕೊರಗ’ರ ಬಗ್ಗೆ ಬ್ರಿಟಿಷ್ ಕಾಲದ ಬರಹಗಳು ಹೇಳುತ್ತವೆ. ಉಳ್ಳವರ ಕೂದಲು, ಉಗುರು ಬೆರೆಸಿದ ಅನ್ನ ತಿಂದು ಅವರ ರೋಗ, ದೋಷಗಳನ್ನು ಹೊರುವ ‘ಅಜಲು’ ಪದ್ಧತಿ ತೀರಾ ಇತ್ತೀಚಿನವರೆಗೂ ಇತ್ತು. ಕಂಬಳದಲ್ಲಿ ಕೋಣಗಳಿಗಿಂತ ಮೊದಲು ಅವರನ್ನು ಓಡಿಸಿದ್ದೂ ಇದೆ. ಈ ಪದ್ಧತಿಯನ್ನು ಕಾನೂನು ಮಾಡಿ ನಿಷೇಧಿಸಿದ್ದು 2000ನೇ ಇಸವಿಯಲ್ಲಿ. ಸ್ವಾತಂತ್ರ್ಯ ಬಂದು 53 ವರ್ಷ ಆಗಿತ್ತು.

ಸಮುದ್ರ ದಾಟಿ ಬಂದವರಿಗೆ ಸ್ಥಾನ ಕೊಟ್ಟ ಊರು ಇಲ್ಲೇ ಇದ್ದವರನ್ನು ಏಕೆ ಹೊರಗಿಟ್ಟಿತು? ಅಸ್ಪೃಶ್ಯತೆ ಎಂಬುದು ಒಂದು ಉತ್ತರ. ಅದರ ಜೊತೆಗೇ ಹೆಣೆದುಕೊಂಡ ಇನ್ನೊಂದು ಉತ್ತರ ನೆಲ. ಬಂದವರಲ್ಲಿ ಹೆಚ್ಚಿನವರಿಗೆ ಒಂದೋ ಬಂಡವಾಳ ಇತ್ತು, ಇಲ್ಲವೇ ಗೇಣಿಗೆ ಭೂಮಿ ಸಿಕ್ಕಿತು. ಅವರದೇ ದೇವಸ್ಥಾನ, ಚರ್ಚು, ಮಸೀದಿ ಎದ್ದವು. ಜನ ಒಟ್ಟು ಸೇರಲು, ಜಗಳ ತೀರಿಸಲು, ಮಕ್ಕಳಿಗೆ ಅಕ್ಷರ ಕಲಿಸಲು ಒಂದು ಜಾಗ ಆಯಿತು. ಕೊರಗರು ಕಾಡಿನ ಬಿಳಲು ತಂದು ಬುಟ್ಟಿ ಹೆಣೆದರು, ಡೋಲು ಬಾರಿಸಿದರು. ಅವರ ದುಡಿಮೆ ಊರಿಗೆ ಬೇಕಿತ್ತು, ಅವರ ಹೆಸರಿಗೆ ನೆಲ ಬೇಡವಾಗಿತ್ತು.

1974ರ ಭೂಸುಧಾರಣೆ ಈ ವ್ಯತ್ಯಾಸವನ್ನು ಎತ್ತಿ ತೋರಿಸಿತು. ‘ಉಳುವವನೇ ಹೊಲದೊಡೆಯ’ ಎಂದು ಕಾನೂನು ಬಂದಾಗ ನಮ್ಮ ಜಿಲ್ಲೆಯಲ್ಲಿ ಡಿಕ್ಲರೇಷನ್ ಹಾಕಿ ಗದ್ದೆ ಪಡೆದ ಒಕ್ಕಲುಗಳು ಅಸಂಖ್ಯ. ಎಷ್ಟೋ ಮನೆಗಳ ಮಕ್ಕಳು ಓದಿದ್ದು ಆ ಗದ್ದೆಯ ಬಲದಿಂದ. ಆದರೆ ಡಿಕ್ಲರೇಷನ್ ಹಾಕಲು ಗೇಣಿದಾರನಾಗಿರಬೇಕು. ಗೇಣಿಯೂ ಸಿಗದವನಿಗೆ ಗದ್ದೆ ಪಡೆಯುವ ಆ ದಾರಿ ಇರಲಿಲ್ಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1933ರಲ್ಲೇ ‘ಚೋಮನ ದುಡಿ’ಯಲ್ಲಿ ಸ್ವಂತ ಬೇಸಾಯದ ಆಸೆ ಹೊತ್ತ ದಲಿತನ ಕಥೆ ಬರೆದಿದ್ದರು. ನಾಲ್ಕು ದಶಕದ ಬಳಿಕ ಬಂದ ಕಾನೂನೂ ಅಂಥವರಲ್ಲಿ ಎಷ್ಟೋ ಜನರ ಅಂಗಳಕ್ಕೆ ತಲುಪಲಿಲ್ಲ.

ಕೊರಗರ ಸ್ಥಿತಿ ಅಧ್ಯಯನ ಮಾಡಿದ ಡಾ. ಮೊಹಮ್ಮದ್ ಪೀರ್ ವರದಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು ಶಿಫಾರಸು ಮಾಡಿತು. ಅದಕ್ಕಾಗಿ ಹೋರಾಡುತ್ತ ಬಂದ ಕೊರಗ ಸಂಘಟನೆಗಳು ಆಗಸ್ಟ್ 18ರಂದು ‘ಭೂಮಿ ಹಬ್ಬ’ ಆಚರಿಸುತ್ತವೆ. ಬೇಡಿಕೆ ಇನ್ನೂ ಪೂರ್ತಿಯಾಗಿ ಈಡೇರಿಲ್ಲ. ರಾಜ್ಯದಲ್ಲಿ 2001ರ ಜನಗಣತಿಯಲ್ಲಿ 16,071 ಇದ್ದ ಕೊರಗರ ಸಂಖ್ಯೆ 2011ರಲ್ಲಿ 14,794ಕ್ಕೆ ಇಳಿಯಿತು. ಉಳಿದವರೆಲ್ಲ ಹೆಚ್ಚುತ್ತಿರುವ ನಾಡಿನಲ್ಲಿ ಒಂದು ಜನ ಕಡಿಮೆಯಾಗುತ್ತಿದೆ.

ಕಾನೂನು ಬಂದರೂ ನೋಟ ಬದಲಾಗಲು ಹೊತ್ತು ಬೇಕು ಎನ್ನುವುದಕ್ಕೆ ಬ್ರಹ್ಮಾವರ ತಾಲೂಕಿನ ಕೋಟತಟ್ಟು ಸಾಕ್ಷಿ. 2021ರ ಡಿಸೆಂಬರಿನಲ್ಲಿ ಕೊರಗ ಕಾಲನಿಯ ಮೆಹಂದಿ ಕಾರ್ಯಕ್ರಮಕ್ಕೆ ನುಗ್ಗಿದ ಪೊಲೀಸರು ಮದುಮಗನೂ ಸೇರಿ ಮನೆಯವರ ಮೇಲೆ ಲಾಠಿ ಬೀಸಿದ ಆರೋಪ ಬಂತು. ಕಾರಣ ಡಿಜೆ ಸದ್ದು. ಎಸ್ಐ ಅಮಾನತಾದರು, ಪ್ರಕರಣ ಸಿಐಡಿಗೆ ಹೋಯಿತು. ಇತ್ತ ಕೊರಗರ ಮೇಲೂ ಕೇಸು ದಾಖಲಾಯಿತು. ಮೆಹಂದಿಗೆ ಡಿಜೆ ಹಾಕುವುದು ನಮ್ಮಲ್ಲಿ ಈಗ ಮಾಮೂಲು. ಎಷ್ಟು ಮನೆಗೆ ಲಾಠಿ ಹೋಗಿದೆ ಎಂದು ನಮ್ಮನ್ನು ನಾವೇ ಕೇಳಿಕೊಂಡರೆ ಸಾಕು.

ನಾವೂ ಹೊರಗಿನವರಾಗಿ ಬದುಕಿದವರೇ. ಇಲ್ಲಿನ ಮನೆಗಳಿಂದ ಮುಂಬಯಿಗೆ ಹೋದ ಹುಡುಗರು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದರು. ಮೊಗವೀರರು 1902ರಷ್ಟು ಹಿಂದೆಯೇ ಅಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರ ಹೋಟೆಲುಗಳಿಗೆ ಕಲ್ಲು ಬಿದ್ದಾಗ ನಮ್ಮವರೂ ಅಲ್ಲಿ ಬರೀ ‘ಮದ್ರಾಸಿ’ಗಳು. ಊರು, ಭಾಷೆ, ಹೆಸರು ಯಾವುದನ್ನೂ ಯಾರೂ ಕೇಳಲಿಲ್ಲ. ನಾವು ಇಂದು ‘ಹಿಂದಿಯವರು’ ಎನ್ನುವುದೂ ಅದೇ ಬಗೆಯ ಮಾತು.

ಹೊಸಬರು ಊರಿನವರಾಗುವುದು ಪ್ರೀತಿಯ ಮಾತಿನಿಂದ ಮಾತ್ರ ಆಗುವುದಿಲ್ಲ ಎಂಬುದನ್ನು ಈ ಇತಿಹಾಸ ಹೇಳುತ್ತದೆ. ಕಾಲು ಊರಲು ನೆಲ, ಒಟ್ಟು ಸೇರಲು ಜಾಗ, ಮಕ್ಕಳಿಗೆ ಶಾಲೆ, ಈ ಮೂರೂ ಸಿಕ್ಕವರು ಎರಡು ತಲೆಮಾರಿನಲ್ಲಿ ನಮ್ಮವರಾದರು. ಸಿಗದವರು ಸಾವಿರ ವರ್ಷ ಇದ್ದರೂ ಹೊರಗೇ ಉಳಿದರು. ಆದ್ದರಿಂದ ಇಂದು ಕೇಳಬೇಕಾದ ಪ್ರಶ್ನೆಗಳು ಸಣ್ಣವು, ಗ್ರಾಮಸಭೆಯಲ್ಲೇ ಕೇಳಬಹುದಾದವು. ನಮ್ಮ ಪಂಚಾಯತಿಯ ಕೊರಗ ಕುಟುಂಬಗಳಲ್ಲಿ ಎಷ್ಟು ಮನೆಯ ಹೆಸರಿಗೆ ಪಹಣಿ ಇದೆ? ಕೋರೆಯ ಶೆಡ್ಡಿನಲ್ಲಿರುವ ಮಗು ಶಾಲೆಯ ಹಾಜರಿ ಪುಸ್ತಕದಲ್ಲಿ ಇದೆಯೇ? ಬೋಟಿನಲ್ಲಿ ದುಡಿಯುವ ಒಡಿಶಾದವನಿಗೆ ಇಲ್ಲಿ ಪಡಿತರ ಸಿಗುತ್ತದೆಯೇ? ಮುಂದಿನ ಗ್ರಾಮಸಭೆಗೆ ಹೋಗುವವರು ಈ ಮೂರನ್ನು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.