ಸಹಜ ರೋಗನಿರೋಧಕ ವ್ಯವಸ್ಥೆ

ಸಹಜ ರೋಗನಿರೋಧಕ ವ್ಯವಸ್ಥೆಯು ಹುಟ್ಟಿನಿಂದಲೇ ದೇಹದಲ್ಲಿರುವ, ಸೋಂಕನ್ನು ಮೊದಲು ಎದುರಿಸುವ ರಕ್ಷಣಾ ವ್ಯವಸ್ಥೆಯಾಗಿದೆ. ರೋಗಾಣುವಿನ ಪೂರ್ವಪರಿಚಯವಿಲ್ಲದಿದ್ದರೂ ಇದು ಕೆಲವೇ ಗಂಟೆಗಳಲ್ಲಿ ಕಾರ್ಯಪ್ರವೃತ್ತವಾಗುತ್ತದೆ. ಆರ್ಜಿತ ರೋಗನಿರೋಧಕ ವ್ಯವಸ್ಥೆಯು ನಿರ್ದಿಷ್ಟ ಪ್ರತಿಕಾಯಗಳನ್ನು ರೂಪಿಸಲು ಹಲವು ದಿನಗಳು ಬೇಕಾಗುತ್ತವೆ. ಅಲ್ಲಿಯವರೆಗೆ ಸೋಂಕನ್ನು ತಡೆಹಿಡಿಯುವುದು ಇದರ ಮುಖ್ಯ ಕಾರ್ಯ.

ಹೊರ ತಡೆಗಳು

ಚರ್ಮ ಮತ್ತು ಲೋಳೆಪೊರೆಗಳು ರೋಗಾಣುಗಳ ಪ್ರವೇಶವನ್ನು ತಡೆಯುತ್ತವೆ. ಶ್ವಾಸನಾಳದ ಸೂಕ್ಷ್ಮ ರೋಮಗಳು ಲೋಳೆಯಲ್ಲಿ ಸಿಕ್ಕಿಕೊಂಡ ಕಣಗಳನ್ನು ಮೇಲಕ್ಕೆ ತಳ್ಳುತ್ತವೆ. ಕಣ್ಣೀರು ಮತ್ತು ಜೊಲ್ಲಿನಲ್ಲಿರುವ ಲೈಸೋಜೈಮ್ ಎಂಬ ಕಿಣ್ವವು ಬ್ಯಾಕ್ಟೀರಿಯಾಗಳ ಕೋಶಭಿತ್ತಿಯನ್ನು ಒಡೆಯುತ್ತದೆ. ಆಹಾರದೊಂದಿಗೆ ಬರುವ ಬಹುಪಾಲು ಸೂಕ್ಷ್ಮಜೀವಿಗಳು ಜಠರದ ಆಮ್ಲದಲ್ಲಿ ನಾಶವಾಗುತ್ತವೆ.

ಕೋಶಗಳು ಮತ್ತು ಉರಿಯೂತ

ತಡೆಗಳನ್ನು ದಾಟಿದ ರೋಗಾಣುಗಳನ್ನು ಮ್ಯಾಕ್ರೋಫೇಜ್ ಮೊದಲಾದ ಕೋಶಗಳು ಟೋಲ್ ಮಾದರಿಯ ಗ್ರಾಹಕಗಳ ಮೂಲಕ ಗುರುತಿಸುತ್ತವೆ. ಈ ಗ್ರಾಹಕಗಳು ಅನೇಕ ರೋಗಾಣುಗಳಲ್ಲಿ ಸಮಾನವಾಗಿರುವ ಅಣುರಚನೆಗಳನ್ನು ಪತ್ತೆಹಚ್ಚುತ್ತವೆ. ಆಗ ಸ್ರವಿಸುವ ಸೈಟೊಕೈನ್‌ಗಳಿಂದ ರಕ್ತನಾಳಗಳು ಹಿಗ್ಗಿ ಆ ಭಾಗವು ಕೆಂಪಾಗುತ್ತದೆ, ಬಿಸಿಯಾಗುತ್ತದೆ ಮತ್ತು ಊದಿಕೊಳ್ಳುತ್ತದೆ. ರಕ್ತದಿಂದ ಅಲ್ಲಿಗೆ ಧಾವಿಸುವ ನ್ಯೂಟ್ರೋಫಿಲ್‌ಗಳು ರೋಗಾಣುಗಳನ್ನು ನುಂಗಿ ಜೀರ್ಣಿಸುತ್ತವೆ. ಗಾಯದಲ್ಲಿನ ಕೀವು ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳಿಂದ ಕೂಡಿರುತ್ತದೆ. ವೈರಾಣು ತಗುಲಿದ ಕೋಶಗಳು ಇಂಟರ್‌ಫೆರಾನ್ ಸ್ರವಿಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತವೆ. ನ್ಯಾಚುರಲ್ ಕಿಲ್ಲರ್ ಕೋಶಗಳು ಸೋಂಕಿತ ಕೋಶಗಳನ್ನು ಕೊಲ್ಲುತ್ತವೆ.

ಮಂಗನ ಕಾಯಿಲೆಯ ನಿದರ್ಶನ

ಈ ವ್ಯವಸ್ಥೆಯ ಮಿತಿಯನ್ನು ಕರ್ನಾಟಕದ ಕ್ಯಾಸನೂರು ಕಾಡಿನ ಕಾಯಿಲೆಯಲ್ಲಿ ಕಾಣಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕಾಡಿನಲ್ಲಿ ಪತ್ತೆಯಾದ ಈ ರೋಗದ ವೈರಾಣು ಉಣುಗಿನ ಕಡಿತದಿಂದ ಹರಡುತ್ತದೆ. ಉಣುಗು ಚರ್ಮವನ್ನು ಚುಚ್ಚಿ ವೈರಾಣುವನ್ನು ಒಳಸೇರಿಸುವುದರಿಂದ ಮೊದಲ ತಡೆಯೇ ನಿಷ್ಫಲವಾಗುತ್ತದೆ. ಉಣುಗುಗಳ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟುವಿಕೆಯನ್ನೂ ಉರಿಯೂತವನ್ನೂ ತಗ್ಗಿಸುವ ವಸ್ತುಗಳಿರುತ್ತವೆ. ಆದ್ದರಿಂದ ಕಡಿತವು ಹಲವೊಮ್ಮೆ ಗಮನಕ್ಕೇ ಬರುವುದಿಲ್ಲ. ರೋಗಿಗಳಲ್ಲಿ ತೀವ್ರ ಜ್ವರದೊಂದಿಗೆ ಬಿಳಿರಕ್ತಕಣಗಳು ಮತ್ತು ಕಿರುಬಿಲ್ಲೆಗಳು ಕಡಿಮೆಯಾಗುತ್ತವೆ. ಕೆಲವರಲ್ಲಿ ರಕ್ತಸ್ರಾವ ಉಂಟಾಗುತ್ತದೆ. ಈ ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲದ ಕಾರಣ, ಕಾಡಿಗೆ ಹೋಗುವವರು ಮೈಮುಚ್ಚುವ ಬಟ್ಟೆ ಧರಿಸುವುದು ಮತ್ತು ಉಣುಗು ನಿವಾರಕ ತೈಲ ಲೇಪಿಸಿಕೊಳ್ಳುವುದು ಮುಖ್ಯ.

ಇತಿಹಾಸ

1882ರಲ್ಲಿ ಇಲ್ಯಾ ಮೆಚ್ನಿಕೋವ್ ಅವರು ನಕ್ಷತ್ರಮೀನಿನ ಮರಿಗಳಿಗೆ ಮುಳ್ಳು ಚುಚ್ಚಿದಾಗ, ಚಲಿಸುವ ಕೋಶಗಳು ಅದನ್ನು ಸುತ್ತುವರಿಯುವುದನ್ನು ಗಮನಿಸಿದರು. ಕೋಶಭಕ್ಷಣೆಯ ಈ ಸಂಶೋಧನೆಗಾಗಿ ಅವರಿಗೆ 1908ರಲ್ಲಿ ಪಾಲ್ ಎರ್ಲಿಕ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಅವರು 1957ರಲ್ಲಿ ಇಂಟರ್‌ಫೆರಾನ್ ಅನ್ನು ವರದಿ ಮಾಡಿದರು. ಸಹಜ ನಿರೋಧಕತೆಯು ಪ್ರಚೋದನೆಗೊಳ್ಳುವ ಬಗೆಯನ್ನು ಕಂಡುಹಿಡಿದ ಬ್ರೂಸ್ ಬ್ಯೂಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್ 2011ರ ನೊಬೆಲ್ ಪ್ರಶಸ್ತಿಗೆ ಭಾಜನರಾದರು.