ವಾರಾನ್ನದಿಂದ ಜೀವನಾಂಶದವರೆಗೆ
(ಬಾನುಲಿ ಭಾಷಣ)

ಪ್ರಾಯಕ್ಕೆ ಬಂದ ಮಗನಿಗೆ, ಮಗಳಿಗೆ, ಓದು ಮುಗಿಯುವ ತನಕ ಅನ್ನ ಹಾಕಬೇಕಾದವರು ಯಾರು? ಈ ಪ್ರಶ್ನೆಗೆ ನಮ್ಮ ಸೀಮೆ ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನು ತಮ್ಮೊಡನೆ ನೆನೆಯಬೇಕೆಂದಿದ್ದೇನೆ.

ನನ್ನ ತಂದೆಯವರು ತಿರುಮಕೂಡಲು ನರಸೀಪುರದ ಬಳಿಯ ಹಳ್ಳಿಯವರು. ಕಪಿಲೆ ಕಾವೇರಿಯನ್ನು ಕೂಡುವ ಆ ಊರಿಗೂ ಮೈಸೂರಿಗೂ 30 ಕಿಲೋಮೀಟರಿನ ಆಸುಪಾಸು. ನೆರೆಯ ನಂಜನಗೂಡಿಗಂತೂ 1891ರಲ್ಲೇ ರೈಲು ಬಂದಿತ್ತು. ದಾರಿ ಹತ್ತಿರವಿದ್ದರೂ ಪಟ್ಟಣದಲ್ಲಿ ಎರಡು ಹೊತ್ತಿನ ಊಟ ದೂರವಿತ್ತು. 1940ರ ದಶಕದಲ್ಲಿ ಕಾಲೇಜು ಸೇರಿದ ಅವರ ನೋಟುಬುಕ್ಕಿನ ಮೊದಲ ಪುಟದಲ್ಲಿ ವಾರದ ದಿನಗಳ ಹೆಸರುಗಳಿವೆ. ಒಂದೊಂದರ ಎದುರಿಗೆ ಒಂದೊಂದು ಮನೆಯ ಗುರುತು. ಶನಿವಾರದ ಎದುರು ಏನೂ ಇಲ್ಲ. ಶನಿವಾರ ಏನು ಮಾಡುತ್ತಿದ್ದಿರಿ ಎಂದು ಒಮ್ಮೆ ಕೇಳಿದೆ. "ಓದುತ್ತಿದ್ದೆ" ಎಂದಷ್ಟೇ ಹೇಳಿದರು.

ಇದೇ ವಾರಾನ್ನ. ಮಗನನ್ನು ಓದಿಸುವ ಶಕ್ತಿ ತಂದೆಗಿಲ್ಲದಿದ್ದರೆ ಊರು ಆ ಹೊಣೆಯನ್ನು ಏಳು ಪಾಲು ಮಾಡಿ ಹಂಚಿಕೊಳ್ಳುತ್ತಿತ್ತು. ಅದಕ್ಕೆ ಕಾನೂನಿರಲಿಲ್ಲ, ಕರಾರಿರಲಿಲ್ಲ. ಎಷ್ಟೋ ತಾಯಂದಿರು ತಮ್ಮ ಮಕ್ಕಳ ಪಾಲಿನಲ್ಲೇ ಒಂದು ತುತ್ತು ತೆಗೆದು ಬಡಿಸಿದರು. ಆದರೆ ಆ ಔದಾರ್ಯಕ್ಕೂ ಹೊಸ್ತಿಲುಂಟು. ಪಂಕ್ತಿಗೆ ಸಲ್ಲುವ ಜಾತಿಯ ಹುಡುಗನಿಗೆ ಮಾತ್ರ ಎಲೆ. ಉಳಿದವರಿಗೆ ಜಗಲಿಯೂ ಇಲ್ಲ. ಹುಡುಗಿಗೆ ವಾರದ ಮನೆಯೆಂಬ ಯೋಚನೆಯೇ ಇರಲಿಲ್ಲ.

ವಾರದ ಮನೆಗಳ ಸ್ಥಾನಕ್ಕೆ ಕ್ರಮೇಣ ವಿದ್ಯಾರ್ಥಿನಿಲಯಗಳು ಬಂದವು. ನಂಜನಗೂಡು ತಾಲ್ಲೂಕಿನಲ್ಲಿ, ಕಪಿಲೆಯ ದಡದಲ್ಲಿರುವ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದರು. 1954ರಲ್ಲಿ ಅವರು ಸ್ಥಾಪಿಸಿದ ಮಹಾವಿದ್ಯಾಪೀಠ ಇಂದು ತಮಗೆಲ್ಲ ಪರಿಚಿತವೇ. ಮುಂದೆ ಸರ್ಕಾರವೂ ಹೆಗಲು ಕೊಟ್ಟಿತು. ಹಾಸ್ಟೆಲು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ತಿಂಗಳಿಗೆ 1500 ರೂಪಾಯಿಯಂತೆ ವರ್ಷದಲ್ಲಿ 10 ತಿಂಗಳು ನೀಡುವ 'ವಿದ್ಯಾಸಿರಿ' ಯೋಜನೆ 2013-14ರಲ್ಲಿ ಬಂದಿತು.

ಇವೆಲ್ಲ ತಂದೆಗೆ ಶಕ್ತಿಯಿಲ್ಲದಾಗಿನ ಮಾತು. ಶಕ್ತಿಯಿದ್ದೂ ಮನಸ್ಸಿಲ್ಲದಿದ್ದರೆ?

ನಾನು ಪಾಠ ಹೇಳುತ್ತಿದ್ದಾಗ ನಂಜನಗೂಡಿನ ಕಡೆಯ ಹುಡುಗಿಯೊಬ್ಬಳು ಬಿ.ಎ. ತರಗತಿಯಲ್ಲಿದ್ದಳು. ತಂದೆ ಸಂಬಳದ ನೌಕರಿಯಲ್ಲಿದ್ದು, ತಾಯಿಯನ್ನು ಬಿಟ್ಟು ಬೇರೆ ಸಂಸಾರ ಹೂಡಿದ್ದವರು. ಮಗಳಿಗೆ 18 ತುಂಬಿತೆಂದು ಕೊಡುತ್ತಿದ್ದ ಅಷ್ಟಿಷ್ಟು ಹಣವನ್ನೂ ನಿಲ್ಲಿಸಿದರು. ಯಾರಾದರೂ ವಕೀಲರನ್ನು ಕೇಳೋಣವೆಂದಾಗ ಅವಳೆಂದಳು: "ಅಪ್ಪನ ಮೇಲೆ ಕೇಸು ಹಾಕಿ ಓದಬೇಕೇ ಸಾರ್?" ನನ್ನಲ್ಲಿ ಉತ್ತರವಿರಲಿಲ್ಲ. ಎರಡನೆಯ ವರ್ಷದ ಪರೀಕ್ಷೆಗೆ ಅವಳು ಶುಲ್ಕ ಕಟ್ಟಲಿಲ್ಲ.

ಕಾನೂನು ಏನು ಹೇಳುತ್ತದೆಂದು ನಾನು ಓದಿದ್ದು ಆಮೇಲೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಪ್ರಕರಣದಂತೆ, ದೇಹ ಅಥವಾ ಮನಸ್ಸಿನ ಊನವಿಲ್ಲದ ಮಕ್ಕಳ ಜೀವನಾಂಶ ಪ್ರಾಯಕ್ಕೆ ಬರುವುದರೊಂದಿಗೆ ನಿಲ್ಲುತ್ತಿತ್ತು. 2024ರ ಜುಲೈಯಿಂದ ಅದರ ಸ್ಥಾನದಲ್ಲಿರುವ ಹೊಸ ಸಂಹಿತೆಯ ನಿಲುವೂ ಇದೇ. ಆದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮದ 20ನೆಯ ಪ್ರಕರಣದಲ್ಲಿ ಇನ್ನೊಂದು ಮಾತಿದೆ: ಸ್ವಂತ ಗಳಿಕೆಯಿಂದಾಗಲಿ ಆಸ್ತಿಯಿಂದಾಗಲಿ ಬದುಕಲಾರದ ಅವಿವಾಹಿತ ಮಗಳನ್ನು ಪೋಷಿಸುವುದು ತಂದೆತಾಯಿಗಳ ಹೊಣೆ. ಅವಳ ವಯಸ್ಸಿಗೆ ಅಲ್ಲಿ ಮಿತಿಯಿಲ್ಲ. ಸರ್ವೋಚ್ಚ ನ್ಯಾಯಾಲಯ 2020ರ ತೀರ್ಪೊಂದರಲ್ಲಿ ಈ ಹಕ್ಕನ್ನು ಸ್ಪಷ್ಟಪಡಿಸಿತು. ನನ್ನ ವಿದ್ಯಾರ್ಥಿನಿಗೆ ಹಕ್ಕಿದ್ದಿತು; ಹೇಳಬೇಕಾಗಿದ್ದ ಮೇಷ್ಟರಿಗೆ ಗೊತ್ತಿರಲಿಲ್ಲ.

ವಿಚಿತ್ರವನ್ನು ಗಮನಿಸಬೇಕು. ವಾರಾನ್ನದ ಕಾಲದಲ್ಲಿ ಊರು ನೆನೆದದ್ದು ಗಂಡುಹುಡುಗನನ್ನು. ಕಾನೂನು ನೆನೆದದ್ದು ಅವಿವಾಹಿತ ಮಗಳನ್ನು. ತಂದೆ ಕೈಬಿಟ್ಟ, ಇನ್ನೂ ಓದುತ್ತಿರುವ ಮಗನಿಗೆ 18ರ ನಂತರ ಇಂಥ ಸ್ಪಷ್ಟವಾದ ಆಸರೆಯಿಲ್ಲ. ಜರ್ಮನಿಯ ನಾಗರಿಕ ಸಂಹಿತೆಯಾದರೋ ಜೀವನಾಂಶದಲ್ಲಿ ವೃತ್ತಿಶಿಕ್ಷಣದ ವೆಚ್ಚವನ್ನೂ ಸೇರಿಸಿದೆ. ನಮ್ಮಲ್ಲಿ ಓದು 18ಕ್ಕೆ ಮುಗಿಯುವುದಿಲ್ಲವೆಂಬುದನ್ನು ಹಳೆಯ ಮೈಸೂರಿನ ಗೃಹಿಣಿಯರು ಬಲ್ಲವರಾಗಿದ್ದರು. ಕಾನೂನು ಅದನ್ನು ಇನ್ನೂ ಪೂರ್ತಿಯಾಗಿ ಒಪ್ಪಿಲ್ಲ.

ಅದು ಒಪ್ಪುವವರೆಗೆ, ಇರುವಷ್ಟನ್ನಾದರೂ ಕಾಲೇಜು ಸೇರುವ ದಿನವೇ ಮಕ್ಕಳಿಗೆ ತಿಳಿಸಿ ಹೇಳುವುದು ನಮ್ಮ ಕೆಲಸ. ನನ್ನ ತಂದೆಯವರ ನೋಟುಬುಕ್ಕಿನಲ್ಲಿ ಖಾಲಿ ಉಳಿದದ್ದು ಒಂದು ಶನಿವಾರ. ಆ ಹುಡುಗಿಯ ಪಾಲಿಗೆ ಮೂರನೆಯ ವರ್ಷವೇ ಬರಲಿಲ್ಲ.